ಬ್ರೈಲ್‌ನೋಟ್ ಟಚ್ ಪ್ಲಸ್ಸೋ, ಆರ್ಬಿಟ್ ಜೊತೆ ಫೋನೋ?

ಹಾಸನದಲ್ಲಿ ಕಾಲೇಜು ಓದುತ್ತಾ ಬ್ರೈಲ್‌ನಲ್ಲಿ ನೋಟ್ಸ್ ಬರೆಯುವವರು ಯಾವುದನ್ನು ಕೊಳ್ಳಬೇಕು? ಒಂದು, ಎಲ್ಲವೂ ಒಳಗೇ ಇರುವ ಬ್ರೈಲ್ ಯಂತ್ರ, ಬ್ರೈಲ್‌ನೋಟ್ ಟಚ್ ಪ್ಲಸ್. ಇನ್ನೊಂದು, 20 ಸೆಲ್‌ನ (ಒಮ್ಮೆಗೆ 20 ಬ್ರೈಲ್ ಅಕ್ಷರ ಚುಕ್ಕಿಗಳಲ್ಲಿ ಎದ್ದು ಬರುವ) ಬ್ರೈಲ್ ಡಿಸ್‌ಪ್ಲೇ ಆದ ಆರ್ಬಿಟ್ ರೀಡರ್ ಮತ್ತು ಕೈಯಲ್ಲಿರುವ ಆಂಡ್ರಾಯ್ಡ್ ಫೋನ್.

ಟಚ್ ಪ್ಲಸ್ ಒಳಗಿರುವುದೂ ಆಂಡ್ರಾಯ್ಡೇ. ಕಂಪನಿಯದೇ ಬರವಣಿಗೆಯ ಆ್ಯಪ್ ಕೀವರ್ಡ್‌ನಲ್ಲಿ ಬರೆದು ಅಲ್ಲೇ ನಿಂತುಬಿಟ್ಟರೆ ದುಡ್ಡು ದಂಡ. ಪ್ಲೇ ಸ್ಟೋರ್ ಇದೆ. ಪುಸ್ತಕದ ಆ್ಯಪ್, ಡ್ರೈವ್ ಹಾಕಿಕೊಳ್ಳಿ. ಆದರೆ ಅದು 8.1, ಅಂದರೆ 2017ರ ಆಂಡ್ರಾಯ್ಡ್. ಕ್ರೋಮ್ 139ರಿಂದಾಚೆಗೆ ಕನಿಷ್ಠ ಆಂಡ್ರಾಯ್ಡ್ 10 ಬೇಕು, ಹಾಗಾಗಿ ಹೊಸ ಕ್ರೋಮ್ ಇದಕ್ಕೆ ಬರುವುದಿಲ್ಲ. ಇಷ್ಟು ದುಬಾರಿ ಯಂತ್ರಕ್ಕೆ ಇದು ಸಣ್ಣ ಕೊರತೆಯಲ್ಲ ಅಲ್ವಾ?

ಫೋನಿನದು ಬೇರೆ ಕಥೆ. ಹಳೆಯದಾದರೆ ಫೋನ್ ಮಾತ್ರ ಬದಲಿಸಿದರಾಯಿತು, ಆರ್ಬಿಟ್ ಅದೇ ಇರುತ್ತದೆ. ಆಂಡ್ರಾಯ್ಡ್‌ನ ಪರದೆ ಓದುವ ತಂತ್ರಾಂಶ ಟಾಕ್‌ಬ್ಯಾಕ್‌ನ ಸೆಟ್ಟಿಂಗ್ಸ್‌ನಲ್ಲೇ ಬ್ರೈಲ್ ಡಿಸ್‌ಪ್ಲೇ ಆಯ್ಕೆ ಸಿಗುತ್ತದೆ. 2022ರಿಂದ ಇದಕ್ಕೆ ಪ್ರತ್ಯೇಕ ಆ್ಯಪ್ ಬೇಕಿಲ್ಲ. ಗೂಗಲ್‌ನ ಕನ್ನಡ ಧ್ವನಿಯನ್ನು ವೈಫೈ ಇರುವಾಗಲೇ ಇಳಿಸಿಕೊಳ್ಳಿ. ಮೂಡಿಗೆರೆ ದಾಟಿ ಘಟ್ಟದ ಕಡೆ ಹೋದಾಗ ನೆಟ್‌ವರ್ಕ್ ಕೈಕೊಟ್ಟರೂ ಓದು ನಿಲ್ಲುವುದಿಲ್ಲ. ಆರ್ಬಿಟನ್ನು ಮನೆಯ ಕಂಪ್ಯೂಟರಿಗೆ ಯುಎಸ್‌ಬಿಯಲ್ಲಿ ಸಿಕ್ಕಿಸಿದರೆ ಅಲ್ಲಿನ ಪರದೆ ಓದುವ ತಂತ್ರಾಂಶ ಎನ್‌ವಿಡಿಎ ಜೊತೆಗೂ ಕೆಲಸ ಮಾಡುತ್ತದೆ. ಅದರಲ್ಲಿ ಕನ್ನಡ ಅಕ್ಷರಗಳನ್ನು ಬ್ರೈಲ್‌ಗೆ ಬದಲಿಸುವ ಕನ್ನಡ ಬ್ರೈಲ್ ಟೇಬಲ್ ಇದೆ. ಫೋನು, ಕಂಪ್ಯೂಟರ್ ಎರಡೂ ಇಲ್ಲದಿದ್ದರೂ ಆರ್ಬಿಟ್ ತನ್ನ ಎಸ್‌ಡಿ ಕಾರ್ಡಿಗೇ ಬರೆದಿಡುತ್ತದೆ.

ಆರ್ಬಿಟ್‌ನ ಚುಕ್ಕಿಗಳು ಏಳುವುದು ಸ್ವಲ್ಪ ನಿಧಾನ, ಟಕಟಕ ಸದ್ದೂ ಉಂಟು. ಮಾತಂತೂ ಇಲ್ಲ.

ನಾನಾದರೆ ಆರ್ಬಿಟ್ ಜೊತೆ ಫೋನೇ ಅನ್ನುತ್ತೇನೆ. ಗಣಿತ ಓದುವವರು ಮಾತ್ರ ಟಚ್ ಪ್ಲಸ್ ನೋಡಿ. ಅದರ ಗಣಿತದ ಆ್ಯಪ್ ಕೀಮ್ಯಾತ್‌ನಲ್ಲಿ ಬ್ರೈಲ್‌ನಲ್ಲಿ ಬರೆದ ಸಮೀಕರಣ ಮೇಷ್ಟ್ರಿಗೆ ಪರದೆಯ ಮೇಲೆ ಮಾಮೂಲಿ ಗಣಿತದಂತೆಯೇ ಕಾಣುತ್ತದೆ.