ಬೆನ್ನಿಗೆ ಹಗುರ, ಗಾಳಿಗೆ ಗಟ್ಟಿ: ಸ್ಕೋಪಿಗೆ ಯಾವ ಟ್ರೈಪಾಡ್?

ಹಕ್ಕಿ ನೋಡಲು ಸ್ಪಾಟಿಂಗ್ ಸ್ಕೋಪ್ (ಒಂಟಿ ಕೊಳವೆಯ ದೊಡ್ಡ ದುರ್ಬೀನು) ಕೊಂಡವರಿಗೆ ಸ್ವಲ್ಪ ದಿನದಲ್ಲೇ ಒಂದು ಪ್ರಶ್ನೆ ಏಳುತ್ತದೆ. ಇದನ್ನೆಲ್ಲ ಹೊರುವವರು ಯಾರು? ಮುಂದಿನ ಗಾಜು 65 ಮಿ.ಮೀ. ಅಗಲದ ಸ್ಕೋಪೇ ಒಂದರಿಂದ ಒಂದೂವರೆ ಕೆಜಿ ಇರುತ್ತದೆ. ಟ್ರೈಪಾಡ್, ನೀರು, ಬುತ್ತಿ ಸೇರಿದರೆ ಭುಜ ಮಾತಾಡಲು ಶುರುಮಾಡುತ್ತದೆ.

ಹಗುರ ಟ್ರೈಪಾಡ್ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಸಿಗುವುದು ಹೆಚ್ಚಾಗಿ ಅಮೆರಿಕದ ಬೇಟೆಗಾರರ ಮಾತು. ಅವರು ಚೀಲ ಹೊತ್ತು ಬೆಟ್ಟ ಹತ್ತಿ, ಇಳಿಜಾರಿನಲ್ಲಿ ಕೂತು, ಎದುರಿನ ಗುಡ್ಡವನ್ನು ಗಂಟೆಗಟ್ಟಲೆ ದುರ್ಬೀನಿನಲ್ಲಿ ಜಾಲಾಡುವವರು. ನಮ್ಮಲ್ಲಿ ವನ್ಯಜೀವಿ ಕಾಯ್ದೆಯಿಂದಾಗಿ ಬೇಟೆಯ ಮಾತೇ ಇಲ್ಲ. ಆದರೆ ಬಂದೂಕು ಪಕ್ಕಕ್ಕಿಟ್ಟರೆ ಅವರ ತೊಂದರೆಯೂ ನಮ್ಮ ತೊಂದರೆಯೂ ಒಂದೇ. ಹೊರಲು ಹಗುರ ಇರಬೇಕು, ನೋಡುವಾಗ ಅಲುಗಬಾರದು.

ನಾನು ಮೂರು ಬಗೆಯವನ್ನು ಒಂದೇ ಸ್ಕೋಪಿಗೆ ಹಾಕಿ ನೋಡಿದೆ. ಒಂದು ನನ್ನದು, ಎರಡು ಗೆಳೆಯರದು. ಬ್ರಾಂಡ್ ಹೆಸರು ಬೇಡ, ಈ ಮೂರೂ ಬಗೆಯನ್ನು ಹಲವು ಕಂಪನಿಗಳು ಮಾಡುತ್ತವೆ.

ಮೊದಲನೆಯದು ಎಲ್ಲರ ಮನೆಯಲ್ಲೂ ಇರುವಂಥ ಅಲ್ಯೂಮಿನಿಯಂ ಟ್ರೈಪಾಡ್. ಕಾಲಿಗೆ ನಾಲ್ಕು ತುಂಡು, ಕ್ಲಿಪ್ ಲಾಕ್, ಬಾಲ್ ಹೆಡ್ (ಸ್ಕೋಪ್ ಕೂರುವ, ಗುಂಡಿನ ಮೇಲೆ ಎಲ್ಲ ಕಡೆ ತಿರುಗುವ ತಲೆ) ಸೇರಿ 1.6 ಕೆಜಿ. ಎರಡನೆಯದು ಕಾರ್ಬನ್ ಫೈಬರಿನ ಟ್ರಾವೆಲ್ ಟ್ರೈಪಾಡ್. ಕಾಲಿಗೆ ಐದು ತುಂಡು, ತಿರುಗಿಸುವ ಲಾಕ್, ಹೆಡ್ ಸೇರಿಯೂ 1.1 ಕೆಜಿ. ಮಡಚಿದರೆ ನೀರಿನ ಬಾಟಲಿಯ ಜಾಗದಲ್ಲಿ ಕೂರುತ್ತದೆ. ಮೂರನೆಯದೂ ಕಾರ್ಬನ್ನೇ, ಆದರೆ ಮೇಲಿನ ಕೊಳವೆ 28 ಮಿ.ಮೀ. ದಪ್ಪ. ಹೆಡ್ಡನ್ನು ಇನ್ನೂ ಮೇಲೆತ್ತುವ ನಡುವಿನ ಕಂಬವೇ ಇಲ್ಲ. ಕಾಲುಗಳು 1.3 ಕೆಜಿ, ಅದರ ಮೇಲೆ 400 ಗ್ರಾಮಿನ ಚಿಕ್ಕ ಫ್ಲೂಯಿಡ್ ಹೆಡ್ (ಹಿಡಿ ಹಿಡಿದು ನಯವಾಗಿ ತಿರುಗಿಸುವ ತಲೆ). ಎತ್ತರ ನನ್ನ ಎದೆಮಟ್ಟಕ್ಕೆ ನಿಲ್ಲುತ್ತದೆ.

ಅಂಗಡಿಯಲ್ಲಿ ಕೈಗೆ ಕೊಟ್ಟರೆ ಯಾರಾದರೂ ಎರಡನೆಯದನ್ನೇ ಆರಿಸುತ್ತಾರೆ. ಬಾಕ್ಸ್ ಮೇಲೆ 'ಎಂಟು ಕೆಜಿ ತಡೆಯುತ್ತದೆ' ಅಂತ ಬೇರೆ ಬರೆದಿರುತ್ತದೆ. ಆ ಅಂಕಿ ಹೇಳುವುದು ಎಷ್ಟು ಭಾರ ಹಾಕಿದರೆ ಕುಸಿಯುವುದಿಲ್ಲ ಅಂತ. ಎಷ್ಟಕ್ಕೆ ನಡುಗುವುದಿಲ್ಲ ಅಂತ ಅಲ್ಲ. ಸ್ಕೋಪಿನವರಿಗೆ ಬೇಕಾದದ್ದು ನಡುಕದ ಲೆಕ್ಕ.

ಆ ಲೆಕ್ಕ ತಿಳಿಯಲು ಗದಗ ಜಿಲ್ಲೆಯ ಮಾಗಡಿ ಕೆರೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ಬರುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇದು ಬಂದು ನೀರಲ್ಲಿ ಕೂರುತ್ತವೆ. ಮಂಗೋಲಿಯಾದಲ್ಲಿ ಕೆಲವು ಹೆಬ್ಬಾತುಗಳ ಕುತ್ತಿಗೆಗೆ ಅಕ್ಷರ, ಅಂಕಿ ಬರೆದ ಪಟ್ಟಿ ತೊಡಿಸಿ ಬಿಡುತ್ತಾರೆ. ಅಂಥವು ನಮ್ಮ ಕಡೆಯೂ ಕಂಡಿವೆ. ದಡದಲ್ಲಿ ನಿಂತು ಆ ಪಟ್ಟಿ ಓದಬೇಕು ಅಂದರೆ 40 ಪಟ್ಟು, 50 ಪಟ್ಟು ದೊಡ್ಡದು ಮಾಡಬೇಕು. ಆಗ ಟ್ರೈಪಾಡಿನ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ, ಅಲ್ವಾ?

ಗಾಳಿ ಇಲ್ಲದ ಬೆಳಗ್ಗೆ ಮೂರೂ ಪಾಸು. ಹತ್ತು ಗಂಟೆಗೆ ಗಾಳಿ ಎದ್ದ ಮೇಲೆ ಎರಡನೆಯದು ಕೈಕೊಟ್ಟಿತು. ಫೋಕಸ್ ಚಕ್ರ ಮುಟ್ಟಿದರೆ ಸಾಕು, ಚಿತ್ರ ತೂಗಾಡುತ್ತಿತ್ತು, ನಿಲ್ಲಲು ಒಂದೆರಡು ಸೆಕೆಂಡು ಹಿಡಿಯುತ್ತಿತ್ತು. ಕಾರಣ ಕಾರ್ಬನ್ ಅಲ್ಲ, ಕಾಲಿನ ದಪ್ಪ. ಒಂದೇ ವಸ್ತು, ಒಂದೇ ಗೋಡೆ ದಪ್ಪದ ಕೊಳವೆಯಾದರೆ 22 ಮಿ.ಮೀ. ಕೊಳವೆಗಿಂತ 28 ಮಿ.ಮೀ.ದು ಸುಮಾರು ಎರಡು ಪಟ್ಟು ಬಿಗಿ. ಒಂದೊಂದು ತುಂಡು ಕೆಳಗಿಳಿದಂತೆ ಕಾಲು ಮೂರು ಮಿ.ಮೀ.ನಷ್ಟು ಸಣ್ಣದಾಗುತ್ತದೆ. ಐದನೇ ತುಂಡಿಗೆ ಬರುವಷ್ಟರಲ್ಲಿ ಅದು ಪೆನ್ಸಿಲ್ ಆಗಿರುತ್ತದೆ. ಇಡೀ ಭಾರ ನಿಲ್ಲುವುದು ಆ ಪೆನ್ಸಿಲ್ಲಿನ ಮೇಲೆ.

ಆ ಕೊನೇ ತುಂಡನ್ನು ಎಳೆಯದೆ, ನಡುವಿನ ಕಂಬ ಎತ್ತದೆ, ನೆಲದ ಮೇಲೆ ಕೂತು ನೋಡಿದರೆ ಅದೇ ಟ್ರೈಪಾಡು ಎಷ್ಟೋ ವಾಸಿ. ಬೇಟೆಗಾರರ ಗುಟ್ಟು ಇದೇ. ಅವರು ನಿಂತು ನೋಡುವುದು ಕಡಿಮೆ.

ಹಾಗಂತ ಅಲ್ಯೂಮಿನಿಯಮ್ಮು ಗೆದ್ದಿತು ಅಂತಲ್ಲ. ಅದು ಎರಡನೆಯದಕ್ಕಿಂತ ಗಟ್ಟಿ, ಆದರೆ ಒಮ್ಮೆ ನಡುಗಿದರೆ ಆ ನಡುಕ ಬೇಗ ಸಾಯುವುದಿಲ್ಲ. ಮುಳ್ಳಯ್ಯನಗಿರಿಯ ಮೇಲೆ ಇದು ಚೆನ್ನಾಗಿ ಗೊತ್ತಾಯಿತು. 1,930 ಮೀಟರ್ ಎತ್ತರ, ತಡೆಯಲು ಒಂದು ಮರ ಇಲ್ಲ. ಟ್ರೈಪಾಡಿನ ಕೊಕ್ಕೆಗೆ ಚೀಲ ನೇತುಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಹಾಕಿದೆ. ಚೀಲವೇ ಗಾಳಿಗೆ ಓಲಾಡಿ ಇನ್ನಷ್ಟು ಅಲುಗಾಡಿಸಿತು. ಚೀಲದ ತಳ ನೆಲಕ್ಕೆ ತಾಗುವಂತೆ ಕಟ್ಟಿದಾಗ ಮಾತ್ರ ಉಪಯೋಗಕ್ಕೆ ಬಂತು. ಮೂರನೆಯದಕ್ಕೆ ಅದೂ ಬೇಕಾಗಲಿಲ್ಲ. ಕಾಲು ಅಗಲಿಸಿ ಕೂತೆ, ಚಾಣವೊಂದು ಗಾಳಿಯಲ್ಲಿ ನಿಂತಲ್ಲೇ ನಿಂತು ಬೇಟೆ ಹುಡುಕುವುದನ್ನು ಪೂರ್ತಿ ನೋಡಿದೆ.

ಅಲ್ಲಿ ನೆರವಾದದ್ದು ಕಾಲಿಗಿಂತ ಜಾಸ್ತಿ ಹೆಡ್ಡು. ಬಾಲ್ ಹೆಡ್ ಫೋಟೋದವರಿಗೆ ಸರಿ. ಸ್ಕೋಪಿಗೆ ಅದು ತಲೆನೋವು, ಬಿಗಿ ಸಡಿಲಿಸಿದರೆ ಸ್ಕೋಪು ಒಂದು ಪಕ್ಕಕ್ಕೆ ವಾಲುತ್ತದೆ. ಫ್ಲೂಯಿಡ್ ಹೆಡ್ಡಿನಲ್ಲಿ ಒಂದೇ ಹಿಡಿ. ಎಡಬಲ, ಮೇಲೆಕೆಳಗೆ ನಯವಾಗಿ ತಿರುಗುತ್ತದೆ, ಬಿಟ್ಟಲ್ಲೇ ನಿಲ್ಲುತ್ತದೆ. ನನ್ನ ಪ್ರಕಾರ ಹೆಡ್ಡಿನಲ್ಲಿ 200 ಗ್ರಾಂ ಉಳಿಸುವುದು ಸುಮ್ನೆ ಜಿಪುಣತನ. ಉಳಿಸಬೇಕು ಅಂದರೆ ಎತ್ತರದಲ್ಲಿ ಉಳಿಸಿ. ಕಣ್ಣಿಡುವ ಕಡೆ 45 ಡಿಗ್ರಿ ಬಾಗಿದ ಸ್ಕೋಪಾದರೆ ಮೇಲಿನಿಂದ ಬಗ್ಗಿ ನೋಡುವುದರಿಂದ ಎದೆಮಟ್ಟದ ಟ್ರೈಪಾಡ್ ನಿಂತಾಗಲೂ ಸಾಕು. ನೇರ ಸ್ಕೋಪ್ ಇರುವ ಎತ್ತರದ ಜನಕ್ಕೆ ಮಾತ್ರ ಈ ಮಾತು ಒಪ್ಪುವುದಿಲ್ಲ.

ಅಲ್ಯೂಮಿನಿಯಮ್ಮಿಗೆ ಮರ್ಯಾದೆ ಸಿಕ್ಕಿದ್ದು ಕುಮಟಾ ಹತ್ತಿರ, ಅಘನಾಶಿನಿ ಅಳಿವೆಯಲ್ಲಿ. ನೀರು ಇಳಿದಾಗ ಕೆಸರಿನ ಮೇಲೆ ಕಡಲಂಚಿನ ಹಕ್ಕಿಗಳು ಹರಡಿಕೊಳ್ಳುತ್ತವೆ. ಕೊಕ್ಕಿನ ಉದ್ದ, ಕಾಲಿನ ಉದ್ದ ನೋಡಿಯೇ ಗುರುತಿಸಬೇಕಾದವು. ಅಲ್ಲಿ ಶತ್ರು ಗಾಳಿಯಲ್ಲ, ಉಪ್ಪು ಮತ್ತು ಮರಳು. ತಿರುಗಿಸುವ ಲಾಕಿನೊಳಗೆ ಮರಳು ಹೊಕ್ಕರೆ ಕರಕರ ಅನ್ನುತ್ತದೆ, ಬಿಚ್ಚಿ ಸಿಹಿನೀರಲ್ಲಿ ತೊಳೆಯಬೇಕು. ಕ್ಲಿಪ್ ಲಾಕಿಗೆ ಒಂದು ಚೊಂಬು ನೀರು ಸಾಕು. ಕೆಸರಿಗೆ ಇಳಿಯುವವರು ಕಾಲಿನ ಎಲ್ಲಕ್ಕಿಂತ ಕೆಳಗಿನ ತುಂಡನ್ನೇ ಮೊದಲು ಪೂರ್ತಿ ಎಳೆಯಿರಿ. ಲಾಕು ಕೆಸರಿಂದ ಮೇಲೆ ಉಳಿಯುತ್ತದೆ.

ಒಂಟಿಗಾಲಿನ ಮೊನೊಪಾಡನ್ನೂ ನೋಡಿದೆ. ಸ್ಕೋಪಿಗೆ ಆಗದು.

ಅಂದಹಾಗೆ, ಈ ಮೂರರಲ್ಲಿ ಯಾವುದನ್ನು ಕೆರೆ ಏರಿಯ ಮೇಲೆ ನಿಲ್ಲಿಸಿದರೂ 'ಸರ್ವೇ ಮಾಡಾಕ ಬಂದೀರೇನ್ರೀ?' ಅನ್ನುವ ಪ್ರಶ್ನೆ ತಪ್ಪಿದ್ದಲ್ಲ. ಒಮ್ಮೆ ಸ್ಕೋಪಿನಲ್ಲಿ ಹೆಬ್ಬಾತು ತೋರಿಸಿದರೆ ಜಮೀನಿನ ಚಿಂತೆ ಹೋಗುತ್ತದೆ.

ನಾನು ಉಳಿಸಿಕೊಂಡದ್ದು ಮೂರನೆಯದು. ನಿಜ, ಬೆಲೆ ಅಲ್ಯೂಮಿನಿಯಮ್ಮಿನ ದುಪ್ಪಟ್ಟಿಗಿಂತ ಜಾಸ್ತಿ, ಹೆಡ್ ಸೇರಿದರೆ ತೂಕವೂ ಅದಕ್ಕಿಂತ ತುಸು ಹೆಚ್ಚೇ. ಅಷ್ಟು ಖರ್ಚು ಬೇಡ ಅನ್ನುವವರು ಇರುವ ಅಲ್ಯೂಮಿನಿಯಮ್ಮಿಗೇ ಒಳ್ಳೆಯ ಫ್ಲೂಯಿಡ್ ಹೆಡ್ ಹಾಕಿಕೊಳ್ಳಿ, ಅರ್ಧ ದಾರಿ ಮುಗಿದಂತೆ. 1.1 ಕೆಜಿಯದನ್ನು ಕೊಳ್ಳುವುದಾದರೆ ಸ್ಕೋಪಿಗಲ್ಲ, 10 ಪಟ್ಟಿನ ಬೈನಾಕ್ಯುಲರಿಗೆ. ಬಹಳಷ್ಟು ಬೈನಾಕ್ಯುಲರುಗಳ ಮುಂದೆ, ಎರಡು ಕೊಳವೆಗಳ ನಡುವೆ, ಒಂದು ಚಿಕ್ಕ ಮುಚ್ಚಳ ಇರುತ್ತದೆ. ಅದನ್ನು ಬಿಚ್ಚಿದರೆ ಕಾಲು ಇಂಚಿನ ತಿರುಪಿನ ತೂತು. ಅಲ್ಲಿಗೆ ಅಡಾಪ್ಟರ್ ಸಿಕ್ಕಿಸಿ ಟ್ರೈಪಾಡಿಗೆ ಕೂರಿಸಿ. ಕೈಯಲ್ಲಿ ಹಿಡಿದಾಗ ಬರೀ ಚುಕ್ಕೆಯಾಗಿದ್ದ ಹಕ್ಕಿಯ ರೆಕ್ಕೆಯ ಪಟ್ಟೆ ಕಾಣಲು ಶುರುವಾಗುತ್ತದೆ. ಸ್ಕೋಪ್ ಇನ್ನೂ ಕೊಳ್ಳದವರು ಮೊದಲು ಇದನ್ನು ಮಾಡಿ ನೋಡಿ, ಆಮೇಲೆ ಸ್ಕೋಪಿನ ಮಾತು.