ರೈಲು ಮಾಡೆಲ್‌ಗೆ ಜಲ್ಲಿ, ಗುಡ್ಡ, ಕಾಡು: ಮನೆ ಸಾಮಾನಲ್ಲಿ ಯಾವ್ದು ನಿಲ್ಲತ್ತೆ?

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿನ ಒಂದು ತುಂಡನ್ನ ಎಚ್‌ಓ ಸ್ಕೇಲಲ್ಲಿ, ಅಂದ್ರೆ 1:87ರಲ್ಲಿ (ಅಸಲಿ ಅಳತೆಯ 87ನೇ ಒಂದು ಭಾಗ) ಮಾಡ್ತಿದೀನಿ. ಫಾರಿನ್ ಸೀನರಿ ಪ್ಯಾಕೆಟ್ ತರಿಸೋ ಬದ್ಲು ಅಡುಗೆಮನೇಲಿ, ಹಿತ್ತಲಲ್ಲಿ ಸಿಕ್ಕಿದ್ದನ್ನೇ ಎದುರುಬದುರು ಇಟ್ಟು ನೋಡಿದೆ.

ಮೊದ್ಲು ಜಲ್ಲಿ, ಯಾಕಂದ್ರೆ ನೋಡೋರ ಕಣ್ಣು ಹೋಗೋದೇ ಹಳಿ ಕಡೆಗೆ. ನಮ್ಮ ರೈಲ್ವೆ ಜಲ್ಲಿ ಹೆಚ್ಚೂಕಮ್ಮಿ 20ರಿಂದ 65 ಮಿ.ಮೀ., ಅದನ್ನ 87ರಿಂದ ಭಾಗಿಸಿದ್ರೆ ಕಾಲು ಮಿ.ಮೀ.ನಿಂದ ಮುಕ್ಕಾಲು ಮಿ.ಮೀ. ಉಪ್ಪಿಟ್ಟು ರವೆ ಸೈಜಲ್ಲಿ ಪಕ್ಕಾ ಕೂತ್ಕೊಳತ್ತೆ, ಆದ್ರೆ ಅಂಟಿನ ನೀರು ಬಿದ್ದ ತಕ್ಷಣ ಊದ್ಕೊಂಡು ಮುದ್ದೆ ಆಗತ್ತೆ, ಆಮೇಲೆ ಇರುವೆ, ಮಳೆಗಾಲ ಬಂದ್ರೆ ಬೂಷ್ಟು. ಎಂ-ಸ್ಯಾಂಡ್ ಮುಂದೆ ಅದು ನಿಲ್ಲಲ್ಲ. ಎಂ-ಸ್ಯಾಂಡ್ ಅಂದ್ರೆ ಕಲ್ಲನ್ನೇ ಪುಡಿ ಮಾಡಿರೋದು, ಹಾಗಾಗಿ ಬೂದು ಬಣ್ಣ, ಚೂಪು ಅಂಚು ಎರಡೂ ಅಸಲಿ, ಪೇಂಟೇ ಬೇಡ. ಟೀ ಸೋಸೋ ಜಾಲರಿಯಲ್ಲಿ ಜರಡಿ ಹಿಡಿದು, ಧೂಳು ಹೋಗೋವರ್ಗೂ ತೊಳೆದು ಒಣಗಿಸಿ, ಪೇಪರ್ ಸುತ್ತಿದ ಮ್ಯಾಗ್ನೆಟ್ ಆಡಿಸಿ, ಕಬ್ಬಿಣದ ಚೂರು ಉಳಿದ್ರೆ ಇಂಜಿನ್ ಮೋಟರ್‌ಗೆ ಹೋಗಿ ಅಂಟ್ಕೊಳತ್ತೆ. ಸ್ಲೀಪರ್, ಅಂದ್ರೆ ಹಳಿ ಕೆಳಗಿನ ಅಡ್ಡಪಟ್ಟಿಗಳ ಮಧ್ಯೆ ಒಣ ಮರಳನ್ನೇ ಬ್ರಷ್ಷಲ್ಲಿ ಹರಡಿ, ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿದ ನೀರು ಸ್ಪ್ರೇ ಮಾಡಿ, ಆಮೇಲೆ ಸಮ ನೀರು ಬೆರೆಸಿದ ಫೆವಿಕಾಲನ್ನ ಡ್ರಾಪರಲ್ಲಿ ಬಿಡಿ. ಆ ಸೋಪಿನ ಹನಿ ಇಲ್ದಿದ್ರೆ ಅಂಟು ಗುಂಡಗೆ ನಿಂತು ಮರಳನ್ನೇ ಎತ್ಕೊಂಡು ಉರುಳತ್ತೆ.

ಗುಡ್ಡಕ್ಕೆ ಥರ್ಮೋಕೋಲ್ ಬೇಗ ಆಗತ್ತೆ ನಿಜ, ಆದ್ರೆ ಕೊಯ್ದಾಗ ಬಿಳಿ ಕಾಳು ಮನೆಯೆಲ್ಲ, ಸ್ಪ್ರೇ ಪೇಂಟ್ ತಾಗಿದ್ರೆ ಕರಗಿ ಗುಂಡಿ. ನನ್ನ ಓಟು ರಟ್ಟಿನ ಪಟ್ಟಿ ಹೆಣೆದು ಮೇಲೆ ಫೆವಿಕಾಲಲ್ಲಿ ಅದ್ದಿದ ನ್ಯೂಸ್‌ಪೇಪರ್ ಹೊದಿಸೋದಕ್ಕೆ. ಒಳಗೆ ಟೊಳ್ಳಿರೋದೇ ಲಾಭ: ಈ ಘಾಟಲ್ಲಿ ಸುರಂಗಗಳೇ 57, ಮಾಡೆಲಲ್ಲೂ ಸುರಂಗ ಬಿಡೋ ಹಾಗಿಲ್ಲ, ಒಳಗೆ ಬೋಗಿ ಹಳಿ ತಪ್ಪಿದ್ರೆ ಹಿಂದಿನಿಂದ ಕೈ ಹಾಕಿ ಎತ್ಬಹುದು.

ಕಾಡಿನ ನೆಲಕ್ಕೆ ಟೀ ಚರಟ. ಮರದ ಹೊಟ್ಟಿಗೆ ಎಷ್ಟು ಬಣ್ಣ ಹಾಕಿದ್ರೂ ಹೊಟ್ಟು ಹೊಟ್ಟೇ, ದೂರದ ಹುಲ್ಲುಗಾವಲಿಗೆ ಓಕೆ. ಚರಟ ಮಾತ್ರ ಕೊಳೆತ ಎಲೆ ಬಿದ್ದ ಮಲೆನಾಡ ನೆಲನೇ ಅನ್ಸತ್ತೆ, ಹಾಲು ಸಕ್ಕರೆ ಅಂಶ ಹೋಗೋ ಹಾಗೆ ತೊಳೆದು ತವಾ ಮೇಲೆ ಗರಿಗರಿ ಒಣಗಿಸ್ಬೇಕು ಅಷ್ಟೇ. ಒಣಹುಲ್ಲಿಗೆ ತೆಂಗಿನ ನಾರನ್ನ 3 ಮಿ.ಮೀ. ಕತ್ತರಿಸಿ ನೆಟ್ಟಗೆ ನಿಲ್ಲಿಸಿ, ಸ್ಕೇಲಲ್ಲಿ ಅದು ಒಂದು ಗೇಣು ಎತ್ತರ ಆಗತ್ತೆ.