ಕ್ಲೈಂಟ್ ನಿಮ್ಮ ಮೇಸ್ತ್ರಿಯನ್ನೇ ಸೆಳೆದರೆ: ಮಾತುಕತೆಯೋ, ನೋಟಿಸೋ?

ನೀವು ಆಫೀಸುಗಳ ಇಂಟೀರಿಯರ್ ಕೆಲಸ ಹಿಡಿಯುವವರು ಎಂದುಕೊಳ್ಳಿ. ಕೆಲಸ ಅರ್ಧದಲ್ಲಿರುವಾಗಲೇ ಕ್ಲೈಂಟ್ ಕಂಪನಿಯವರು ನಿಮ್ಮ ಬಡಗಿ ಮೇಸ್ತ್ರಿಗೆ ಹೇಳುತ್ತಾರೆ: "ಮುಂದಿನ ಫ್ಲೋರ್ ನೀವೇ ನೇರವಾಗಿ ಮಾಡಿಕೊಡಿ, ರೇಟು ಜಾಸ್ತಿ ಕೊಡ್ತೀವಿ."

ವಕೀಲರ ನೋಟಿಸ್ ಕಳಿಸುವ ಮುಂಚೆ ಕ್ಲೈಂಟ್ ಜೊತೆಗಿನ ಕರಾರು ತೆಗೆದು ನೋಡಿ. ನಮ್ಮ ಸಬ್‌ಕಾಂಟ್ರಾಕ್ಟರ್‌ಗೆ ನೇರ ಕೆಲಸ ಕೊಡಬಾರದು ಎಂಬ ಷರತ್ತೇ ಇಲ್ಲದಿದ್ದರೆ ನೋಟಿಸ್‌ಗೆ ಬಲ ಕಡಿಮೆ. ಷರತ್ತಿದ್ದರೂ ತೊಡಕಿದೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್, ಒಬ್ಬರ ದುಡಿಮೆಗೆ ಅಡ್ಡಿ ಹಾಕುವ ಒಪ್ಪಂದವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಗಾಗಿ ಮೇಸ್ತ್ರಿಯನ್ನು ಕಟ್ಟಿಹಾಕುವುದು ಕಷ್ಟ. ಷರತ್ತು ಮುರಿದ ಕ್ಲೈಂಟ್‌ನಿಂದ ನಷ್ಟ ಕೇಳುವುದು ಅದಕ್ಕಿಂತ ಸುಲಭ. ಆದರೆ ಷರತ್ತು ಮುರಿದರೆ ಪರಿಹಾರ 5 ಲಕ್ಷ ಎಂದು ಕರಾರಿನಲ್ಲಿ ಬರೆದಿದ್ದರೆ ಅಷ್ಟೂ ಕೈಗೆ ಬರುತ್ತದೆ ಅಂದುಕೊಳ್ಳಬೇಡಿ. 74ನೇ ಸೆಕ್ಷನ್ ಪ್ರಕಾರ ಅದು ಗರಿಷ್ಠ ಮಿತಿ, ಅಷ್ಟೇ. ಇನ್ನು ವಾಣಿಜ್ಯ ದಾವೆಯಲ್ಲಿ ಕೋರ್ಟಿನಿಂದ ತುರ್ತು ತಡೆಯಾಜ್ಞೆಯಂಥ ಪರಿಹಾರ ಬೇಡದಿದ್ದರೆ, ಮೊದಲು ಮಧ್ಯಸ್ಥಿಕೆಗೇ ಹೋಗಬೇಕು. ಅಲ್ಲಿ ಮತ್ತೆ ಮಾತುಕತೆಯೇ, ಅಲ್ವಾ?

ಮಾತುಕತೆಯಲ್ಲಿ ಸಿಗುವುದು ಕಡಿಮೆ ಇರಬಹುದು, ಬೇಗ ಸಿಗುತ್ತದೆ. ಬಾಕಿ ಬಿಲ್ ಚುಕ್ತಾ ಮಾಡಿಸಿಕೊಳ್ಳಿ. ಮೇಸ್ತ್ರಿಯನ್ನು ಬಿಟ್ಟುಕೊಡಲು ಒಂದು ಸಲದ ಮೊತ್ತ ಕೇಳಿ. ಅವರು ನೇರವಾಗಿ ಮಾಡುವ ಕೆಲಸದ ಗ್ಯಾರಂಟಿ ನಮ್ಮದಲ್ಲ ಎಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಇದನ್ನು ಸುಮಾರು ಜನ ಮರೆಯುತ್ತಾರೆ.

ಬಿಲ್ ಬಾಕಿ ಇದ್ದರೆ ನನ್ನ ಮತ ಮಾತುಕತೆಗೆ. ಬಿಲ್ಲೂ ತಡೆದು, ನಿಮ್ಮ ಡ್ರಾಯಿಂಗ್‌ಗಳನ್ನೂ ಬಳಸಿಕೊಂಡರೆ ವಕೀಲರ ಹತ್ತಿರ ಹೋಗಿ. ಮೇಸ್ತ್ರಿ ಜೊತೆ ಮಾತ್ರ ಜಗಳ ಬೇಡ. ಅವರಿಗೆ ನಿಮ್ಮಿಂದ ದುಡ್ಡು ಸರಿಯಾದ ಸಮಯಕ್ಕೆ ಹೋಗುತ್ತಿತ್ತಾ ಎಂದು ಮಾತ್ರ ನೋಡಿಕೊಳ್ಳಿ.